ಪೀಠದ ಮೇಲೆ ಚುಕ್ಕಿಯ ಪುಸ್ತಕ

ಶ್ರಾವಣದ ಮೂರನೆಯ ಶನಿವಾರ ಮುತ್ತತ್ತಿಯಲ್ಲಿ ಕಾವ್ಯ ಓದುವುದು ಮಳವಳ್ಳಿಯ ನಮ್ಮ ವಾಚನ ಮಂಡಳಿಯ ಸರದಿ. ಹಿಂದಿನ ಭಾನುವಾರ ಮಂಡಳಿಯ ಪಡಸಾಲೆಯಲ್ಲಿ ಈ ಸಲ ಓದುವವರು ಯಾರು ಎಂಬ ಮಾತು ಎದ್ದಾಗ, ಕಂಬಕ್ಕೊರಗಿ ಕೂತಿದ್ದ ಹನಕೆರೆಯ ವೀಣ, "ನಾನು ಓದ್ತೀನಿ" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು. ವೀಣಳಿಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಆರೇಳು ವರ್ಷದಿಂದ ಒಂದು ಭಾನುವಾರವನ್ನೂ ತಪ್ಪಿಸದೆ ತಾಯಿ ಚಿಕ್ಕನಂಜಮ್ಮನ ಜೊತೆ ಬಂದು ಕೇಳಿದವಳು. ಅವಳು ಕೊರಳೆತ್ತಿದರೆ ಹಿಂದಿನ ಸಾಲಿನಲ್ಲಿ ಕೂತ ನನ್ನಂಥವರಿಗೂ ಒಂದಕ್ಷರ ಜಾರುವುದಿಲ್ಲ. ಅದು ಮಂಡಳಿಯಲ್ಲಿ ಎಲ್ಲರಿಗೂ ಗೊತ್ತು.

ಹಿರಿಯರಾದ ಜವರಯ್ಯನವರು ಕೆಮ್ಮಿದರು. "ಕೊರಳು ಚೆಂದಾಗದೆ ಕಣವ್ವ, ನಾ ಇಲ್ಲ ಅನ್ನಾಕಿಲ್ಲ. ಆದ್ರೆ ಮಂಡಳಿ ಕಟ್ಟಿದಾಗಿಂದ್ಲೂ ಒಂದು ಕಟ್ಟು ಅದೆ. ಪುಸ್ತಕ ಬಿಚ್ಚಿಟ್ಕಂಡು ಓದ್ದೆ ಪೀಠದಲ್ಲಿ ಕೂರಂಗಿಲ್ಲ. ಬಾಯಿಪಾಠ ಎಷ್ಟೇ ಇರ್ಲಿ, ಪುಸ್ತಕ ಬೇಕು."

"ಕಣ್ಣಿಲ್ಲದ ಮಗೀಗೆ ಪುಸ್ತಕ ಕೇಳ್ತೀಯಲ್ಲ ಜವರಣ್ಣ, ನಿಂಗೇನು ತಲೆ ನೆಟ್ಟಗದಾ?" ಎಂದು ಚಿಕ್ಕನಂಜಮ್ಮ ಮೇಲೆದ್ದರು.

"ಬುಡವ್ವ" ಎಂದು ವೀಣ ತಾಯಿಯ ಸೆರಗು ಹಿಡಿದು ಕೂರಿಸಿದಳು. "ದೊಡ್ಡಪ್ಪ, ನಾನು ಬ್ರೈಲ್ ಓದ್ತೀನಿ. ಮೈಸೂರಿನ ಶಾಲೇಲಿ ಕಲಿಸವ್ರೆ. ಚುಕ್ಕೀಲಿ ಅಚ್ಚಾಗಿರೋ ಪುಸ್ತಕ ತಂದ್ರೆ?"

"ತಂದು ಓದಿದ್ರೆ ಯಾರು ಬ್ಯಾಡ ಅಂತಾರೆ? ಬಂದು ಕೂತ್ಕೊ."

ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ. ವೀಣ ಮಾತ್ರ ನಾನು ಯಾವಾಗಲೂ ಕೂರುವ ಹಿಂದಿನ ಸಾಲಿನ ಕಡೆಗೆ ತಿರುಗಿದಳು. "ಕೆಂಪರಾಜಣ್ಣ, ನಿಮ್ಮಂಗಡೀಲಿ ಒಂದು ಹಳೇ ಬ್ರೈಲ್ ಪ್ರಿಂಟರು ಅದೆ ಅಂದಿದ್ರಲ್ಲ?"

ಇತ್ತು. ಮದ್ದೂರು ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ನನ್ನದು ಕಂಪ್ಯೂಟರು ರಿಪೇರಿ ಮತ್ತು ಜೆರಾಕ್ಸಿನ ಅಂಗಡಿ. ಮುಚ್ಚಿಹೋದ ಒಂದು ತರಬೇತಿ ಕೇಂದ್ರದವರು ಸಾಮಾನು ಖಾಲಿ ಮಾಡುವಾಗ ಅದನ್ನು ನನ್ನ ಬಾಗಿಲಲ್ಲಿ ಇಳಿಸಿ ಹೋಗಿದ್ದರು. ಇಟ್ಟಿಗೆಯಷ್ಟು ಭಾರ, ಟೈಪ್‌ರೈಟರಿನಷ್ಟು ಗದ್ದಲ, ದಪ್ಪ ಕಾಗದದ ಮೇಲೆ ಸೂಜಿ ಒತ್ತಿ ಚುಕ್ಕಿ ಎಬ್ಬಿಸುವ ಯಂತ್ರ. ಹಲ್ಲು, ಬೆಲ್ಟು, ಮೋಟಾರು ಎಲ್ಲ ಸರಿಯಿತ್ತು. ತೊಡಕು ಒಂದೇ: ಅದನ್ನು ನಡೆಸುವ ಪ್ರೋಗ್ರಾಮು ನನ್ನ ಗಣಕವನ್ನು ನಡೆಸುವ ಇಂದಿನ ಲಿನಕ್ಸ್ ವ್ಯವಸ್ಥೆಯಲ್ಲಿ ಓಡುತ್ತಿರಲಿಲ್ಲ. ತಯಾರಕರು ಅಂಗಡಿ ಎತ್ತಿ ವರ್ಷಗಳಾಗಿದ್ದವು. ಒಂದು ಸಿ.ಡಿ.ಯಲ್ಲಿ ಪ್ರೋಗ್ರಾಮಿನ ಮೂಲ ಬರಹ ಮಾತ್ರ ಉಳಿದಿತ್ತು. ಅದನ್ನು ನಾನೇ ಹೊಸದಾಗಿ ಕಟ್ಟಬೇಕು. ಶನಿವಾರಕ್ಕೆ ಉಳಿದದ್ದು ಆರು ದಿನ.

"ಆಯ್ತು ಕಣಮ್ಮ, ನೋಡೋಣ" ಎಂದೆ.

ಓದಬೇಕಾದ ಕಾವ್ಯ ಮುತ್ತತ್ತಿಯ ಆಂಜನೇಯನ ಕಥೆ. ಸೀತಮ್ಮನ ಮೂಗುತಿಯ ಮುತ್ತು ಕಾವೇರಿಯ ಮಡುವಿಗೆ ಬಿದ್ದಾಗ ಅವನು ಬಾಲ ಇಳಿಬಿಟ್ಟು, ನೀರು ತಿರುವಿ ತೆಗೆದುಕೊಟ್ಟದ್ದು. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಮಂಡಳಿಯವರು ಎಂದೋ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಕ. ನನ್ನ ಅಂಗಡಿಯಲ್ಲಿ ಡಿ.ಟಿ.ಪಿ. ಮಾಡುವ ರಮ್ಯಶ್ರೀ ಎರಡು ದಿನದಲ್ಲಿ ಅದಷ್ಟನ್ನೂ ಟೈಪು ಮಾಡಿ ಮುಗಿಸಿದಳು. ಮಂಡಳಿಯ ಕಡೆ ತಲೆ ಹಾಕಿದವಳಲ್ಲ. ಮುಂದೆ ಇಟ್ಟದ್ದನ್ನು ಕಣ್ಣಿಗೆ ಕಂಡಂತೆ ಟೈಪು ಮಾಡುವುದು ಅವಳ ಗುಣ.

ನನ್ನ ಕೆಲಸ ಅಷ್ಟು ಸಲೀಸಾಗಿ ಸಾಗಲಿಲ್ಲ.

ಪ್ರೋಗ್ರಾಮು ಕಟ್ಟುವುದರಲ್ಲಿ ಎರಡು ಹಂತ. ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ಕಂಪೈಲರು. ಆದರೆ ಯಾವ ಪ್ರೋಗ್ರಾಮೂ ಎಲ್ಲವನ್ನೂ ತಾನೇ ಮಾಡುವುದಿಲ್ಲ; ಬೇರೆಯವರು ಮಾಡಿಟ್ಟ ವಿದ್ಯೆಯನ್ನು ಕಡ ತರುತ್ತದೆ. ಅಂಥ ವಿದ್ಯೆಯ ಗಂಟಿಗೆ ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಮಿಗೂ ಲೈಬ್ರರಿಗೂ ಗಂಟು ಹಾಕುವುದು ಎರಡನೆಯ ಹಂತ, ಲಿಂಕಿಂಗು. ನಮ್ಮ ಪ್ರಿಂಟರಿನ ಪ್ರೋಗ್ರಾಮಿಗೆ ಬೇಕಾಗಿದ್ದದ್ದು ಅಕ್ಷರವನ್ನು ಚುಕ್ಕಿಗೆ ತಿರುಗಿಸುವ 'ಬಿಂದು' ಎಂಬ ಲೈಬ್ರರಿ.

ಸೋಮವಾರ ಕಂಪೈಲರು ನಲವತ್ತೊಂದು ತಪ್ಪು ತೋರಿಸಿ ನಿಂತಿತು. ಹಳೆಯ ಕಂಪೈಲರುಗಳು ಸಣ್ಣಪುಟ್ಟ ಲೋಪಕ್ಕೆ ಗೊಣಗಿ ಮುಂದೆ ಬಿಡುತ್ತಿದ್ದವು. ಈಗಿನದು ಬಲು ಮಡಿವಂತ, ಒಂದು ಮೈಲಿಗೆ ಕಂಡರೂ ಒಳಗೆ ಬಿಡದು. ನಾನು ಮಡಿವಂತನನ್ನು ಪಕ್ಕಕ್ಕೆ ಕೂರಿಸಿ, ಹಳೆಯ ಕಾಲದ ಒಂದು ಕಂಪೈಲರನ್ನು ಹುಡುಕಿ ತಂದು ಹಾಕಿದೆ. ಅದು ನಲವತ್ತೊಂದಕ್ಕೂ ಗೊಣಗಿ, ನಲವತ್ತೊಂದನ್ನೂ ಬಿಟ್ಟಿತು. ನನಗೆ ಖುಷಿಯೋ ಖುಷಿ.

ಬುಧವಾರ ಲಿಂಕಿಂಗಿನಲ್ಲಿ ಸಿಕ್ಕಿಬಿದ್ದೆ. ಪ್ರೋಗ್ರಾಮು 'ಬಿಂದು' ಲೈಬ್ರರಿಯ ಎರಡನೆಯ ಆವೃತ್ತಿಯನ್ನೇ ಹೆಸರು ಹಿಡಿದು ಕೇಳುತ್ತಿತ್ತು. ನನ್ನ ಗಣಕದಲ್ಲಿ ಇದ್ದದ್ದು ಮೂರನೆಯದು. ಎರಡನೆಯದಕ್ಕೆ ಕನ್ನಡದ ಒತ್ತಕ್ಷರ ಸರಿಯಾಗಿ ಬರುವುದಿಲ್ಲವೆಂದು ಎಲ್ಲರೂ ಬಿಟ್ಟಿದ್ದರು. ಆಗ ನಾನು ಮಾಡಿದ್ದು ಇಷ್ಟೇ: ಎರಡನೆಯದರ ಹೆಸರಿನಲ್ಲಿ ಒಂದು ಬೋರ್ಡು ಬರೆದು, ಅದರ ಬಾಣವನ್ನು ಮೂರನೆಯದರ ಕಡೆಗೆ ತಿರುಗಿಸಿಟ್ಟೆ. 'ಎರಡು ಎಲ್ಲಿ' ಎಂದು ಯಾರು ಕೇಳಿಕೊಂಡು ಬಂದರೂ ಮೂರರ ಮನೆಗೆ ಹೋಗುವ ಹಾಗೆ.

ನನಗದು ತಪ್ಪೆನಿಸಲಿಲ್ಲ. ನಮ್ಮ ಮಂಡಳಿಯಲ್ಲಿ ಬೆಳೆದವನಿಗೆ ಅನಿಸುವುದೂ ಇಲ್ಲ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಪಕ್ಕದ ಪೀಠದಲ್ಲಿ ಕೂತು ಅರ್ಥ ಹೇಳುವುದು ನಮ್ಮ ಕ್ರಮ. ಬಹಳ ಕಾಲ ಅರ್ಥ ಹೇಳಿದವರು ಅಂಕಯ್ಯನವರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಆ ಪೀಠದಲ್ಲಿ ಯಾರು ಕೂತರೂ ಆ ಹೊತ್ತಿಗೆ ಅವರೇ ಅಂಕಯ್ಯನವರು. ಈಗ ಕೂರುವವನು ಯತೀಶ್, ಹೈಸ್ಕೂಲಿನ ಮೇಷ್ಟ್ರು, ಮೂವತ್ತು ದಾಟಿಲ್ಲ, ಟೀ ಷರ್ಟಿನ ಮೇಲೆ ಶಲ್ಯ ಹೊದ್ದು ಬರುತ್ತಾನೆ. ಜವರಯ್ಯನವರು ಅವನಿಗೂ ಕೈ ಮುಗಿದು, "ಅಂಕಯ್ಯನೋರೇ, ಅರ್ಥ ಆಗ್ಲಿ" ಎನ್ನುತ್ತಾರೆ. ಅವನೂ ಗಂಭೀರವಾಗಿ ತಲೆದೂಗುತ್ತಾನೆ. ಹೀಗೆ ನಡೆದುಬಂದದ್ದರಲ್ಲಿ ಪಳಗಿದ ಕೈ, ಲೈಬ್ರರಿಗೂ ಅದನ್ನೇ ಮಾಡಿತು.

ಗಂಟು ಬಿತ್ತು. ಪ್ರೋಗ್ರಾಮು ಓಡಿತು. ಗುರುವಾರ ಮಧ್ಯಾಹ್ನ ಪ್ರಿಂಟರು ಕಟಕಟನೆ ಕುಟ್ಟಿ ಮೊದಲ ಪುಟವನ್ನು ಹೊರಗೆ ಹಾಕಿದಾಗ, ರಮ್ಯಶ್ರೀ ಕಿವಿ ಮುಚ್ಚಿಕೊಂಡು ನಕ್ಕಳು. ಪುಟ ನನಗೆ ಬಲು ಚೆಂದ ಕಂಡಿತು. ಬ್ರೈಲ್ ಓದಲು ಬಾರದವನಿಗೆ ಎಲ್ಲ ಚುಕ್ಕಿಯೂ ಚೆಂದವೇ.

ಶುಕ್ರವಾರ ಬೆಳಗಿನ ರೈಲಿಗೆ ಹನಕೆರೆಯಿಂದ ತಾಯಿ ಮಗಳು ಬಂದರು. ವೀಣ ಸ್ಟೂಲಿನ ಮೇಲೆ ಕೂತು ಪುಟವನ್ನು ತೊಡೆಯ ಮೇಲೆ ಹರಡಿಕೊಂಡಳು. ಬೆರಳು ಮೊದಲ ಸಾಲಿನ ಮೇಲೆ ಹರಿಯಿತು, ನಿಂತಿತು, ಮತ್ತೆ ಮೊದಲಿಗೆ ಬಂತು.

"ಖಾಶೇಲಿ" ಎಂದಳು.

"ಏನು?"

"ಖಾಶೇಲಿ ಅಂತ ಅದೆ ಅಣ್ಣ. ಆಮೇಲೆ ಯುಥ್ಥು. ಆಮೇಲೆ ಇಲ್ಲಿ ಳಪುಯ."

"ಳಪುಯ ಅಂದ್ರೆ ಯಾವ ದೇವ್ರಪ್ಪಾ?" ಎಂದು ಚಿಕ್ಕನಂಜಮ್ಮ ಕೆನ್ನೆಗೆ ಕೈ ಹಚ್ಚಿದರು. "ನಾಳೆ ಆಂಜನೇಯನ ಮುಂದೆ ಹಿಂಗಂದ್ರೆ ಅವ್ನೇ ಎದ್ದು ಬಾಲದಲ್ಲಿ ಬಾರಿಸ್ತಾನೆ ಅಷ್ಟೆ."

ವೀಣ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಮ್ಯಶ್ರೀಯೂ ನಕ್ಕಳು. ನನಗೆ ನಗು ಬರಲಿಲ್ಲ. ಇಂದು ಶುಕ್ರವಾರ. ನಾಳೆ ಬೆಳಿಗ್ಗೆ ಎಂಟಕ್ಕೆ ಜೀಪು ಹೊರಡುತ್ತದೆ. ಪುಸ್ತಕವಿಲ್ಲದಿದ್ದರೆ ಈ ಹುಡುಗಿ ಮತ್ತೆ ಕಂಬದ ಬುಡದಲ್ಲೇ ಕೂರಬೇಕು.

"ಯಂತ್ರ ಕೆಟ್ಟಿದೆ ಕಣಮ್ಮ" ಎಂದೆ ಸೋತ ದನಿಯಲ್ಲಿ.

"ತಡೀರಣ್ಣ. ಕೆಟ್ಟಿದ್ರೆ ಒಂದೊಂದ್ಕಡೆ ಒಂದೊಂಥರ ಕೆಡಬೇಕು." ಅವಳ ಬೆರಳು ಪುಟದ ಕೊನೆಯವರೆಗೂ ಓಡಿತು. "ಇದು ಎಲ್ಲಾ ಕಡೆ ಒಂದೇ ಥರ ಕೆಟ್ಟದೆ. ಕ ಇರಬೇಕಾದ ಕಡೆ ಖ. ಮ ಇರಬೇಕಾದ ಕಡೆ ಯ. ಹ ಇರಬೇಕಾದ ಕಡೆ ಳ. ಊಟದ ಪಂಕ್ತೀಲಿ ತಲೆ ಕಡೆಯವನು ಎದ್ದೋದಂಗದೆ. ಮಿಕ್ಕೋರೆಲ್ಲಾ ಒಂದೊಂದೆಲೆ ಜರುಗವ್ರೆ. ಬಡಿಸೋನಿಗೆ ಗೊತ್ತಿಲ್ಲ, ಮೂರನೇ ಎಲೆಯೋನಿಗೆ ಅಂತ ತಂದಿದ್ದನ್ನ ನಾಲ್ಕನೇನಿಗೆ ಬಡಿಸ್ತಾವ್ನೆ."

ನಾನು ಅವಳನ್ನೇ ನೋಡಿದೆ. ಆಮೇಲೆ ಗಣಕದ ಕಡೆ ತಿರುಗಿದೆ.

ಪ್ರತಿ ಲೈಬ್ರರಿಯ ಜೊತೆಗೂ 'ನನ್ನ ಬಳಿ ಏನೇನಿದೆ, ಎಷ್ಟನೆಯದು ಯಾವುದು' ಎಂಬ ಒಂದು ಪಟ್ಟಿ ಇರುತ್ತದೆ. ಕಂಪೈಲರು ಆ ಪಟ್ಟಿಯನ್ನು ನಂಬಿ ಕೆಲಸ ಮಾಡುತ್ತದೆ. ಸಿ.ಡಿ.ಯಲ್ಲಿದ್ದದ್ದು ಎರಡನೆಯ ಆವೃತ್ತಿಯ ಪಟ್ಟಿ. ಅದನ್ನೂ ಮೂರನೆಯದರ ಪಟ್ಟಿಯನ್ನೂ ಅಕ್ಕಪಕ್ಕ ತೆರೆದೆ. ವ್ಯಂಜನಗಳ ತಲೆಯಲ್ಲಿ ಎರಡನೆಯದರಲ್ಲಿ ಒಂದು ಹಳೆಯ ಗುರುತಿತ್ತು. ಮೂರನೆಯದರಲ್ಲಿ ಅದನ್ನು ತೆಗೆದುಹಾಕಿದ್ದರು. ತಲೆಯವನು ಎದ್ದು ಹೋಗಿದ್ದ. ಉಳಿದವರೆಲ್ಲ ಜರುಗಿದ್ದರು. ವೀಣ ಹೇಳಿದ್ದು ಹೇಳಿದ ಹಾಗೆಯೇ ಇತ್ತು.

ಆದರೆ ಎರಡನೆಯದನ್ನು ಕೇಳಿದ ಪ್ರೋಗ್ರಾಮಿಗೆ ಮೂರನೆಯದನ್ನು ಕೊಟ್ಟವರು ಯಾರು? ಗಣಕದಲ್ಲಿ ಲೈಬ್ರರಿಗಳನ್ನಿಡುವ ಕೋಣೆಯನ್ನು ಪಟ್ಟಿ ಮಾಡಿಸಿ ನೋಡಿದೆ. ಪರದೆಯ ಮೇಲೆ ನನ್ನದೇ ಬೋರ್ಡು, ಅದರ ಬಾಣ ಮೂರರ ಕಡೆಗೆ.

"ಅಯ್ಯೋ" ಎಂದೆ. "ನಾನೇ ಅಂಕಯ್ಯನವರನ್ನು ಮಾಡಿ ಕೂರಿಸಿದ್ದೆ."

ವೀಣಳಿಗೆ ಎಲ್ಲವನ್ನೂ ವಿವರಿಸಿದೆ. ಓದುವವರ ಕೈಯಲ್ಲಿ ಒಂದು ಅಚ್ಚಿನ ಪುಸ್ತಕ, ಅರ್ಥ ಹೇಳುವವರ ಕೈಯಲ್ಲಿ ಇನ್ನೊಂದು ಅಚ್ಚಿನದು. ಇವರು ಹತ್ತನೆಯ ಪದ್ಯ ಎಂದರೆ ಅವರು ತಮ್ಮ ಹತ್ತನೆಯದಕ್ಕೆ ಅರ್ಥ ಹೇಳುತ್ತಿದ್ದಾರೆ. ಹೆಸರು ಒಂದೇ ಆದ್ದರಿಂದ ಯಾರಿಗೂ ಅನುಮಾನವಿಲ್ಲ.

"ಅಂಗಾರೆ ಇಬ್ರಿಗೂ ಒಂದೇ ಪುಸ್ತಕ ಕೊಡಿ" ಎಂದಳು.

"ಅಷ್ಟೇ ಕಣಮ್ಮ. ಆದ್ರೆ ಹೊಸದನ್ನೇ ಕೊಡಬೇಕು. ಹಳೇದು ಕೊಟ್ಟರೆ ಒತ್ತಕ್ಷರ ಕೆಡುತ್ತೆ."

ಬೋರ್ಡನ್ನು ಕಿತ್ತೆ. ಹಳೆಯ ಪಟ್ಟಿಯನ್ನು ಅಳಿಸಿದೆ. ಹಿಂದೆ ಅರ್ಧಂಬರ್ಧ ಕಟ್ಟಿದ್ದ ತುಣುಕುಗಳನ್ನೆಲ್ಲ ಗುಡಿಸಿ ಹಾಕಿದೆ. ಒಂದು ಉಳಿದರೂ ಹಳೆಯ ಲೆಕ್ಕ ಒಳಗೆ ನುಸುಳುತ್ತದೆ. ಪ್ರೋಗ್ರಾಮಿಗೆ ಮೂರನೆಯ ಆವೃತ್ತಿಯ ಪಟ್ಟಿಯನ್ನೇ ತೋರಿಸಿ ಕಂಪೈಲು ಮಾಡಿದೆ. ಹಳೆಯ ಕಂಪೈಲರು ಹೊಸ ಪಟ್ಟಿಯ ಮೊದಲ ಸಾಲಿಗೇ ಮುಗ್ಗರಿಸಿತು. ಆ ಪಟ್ಟಿ ಬರೆದಿದ್ದ ಹೊಸ ವ್ಯಾಕರಣ ಅದಕ್ಕೆ ತಿಳಿಯದು. ಅಂದರೆ ಮಡಿವಂತನನ್ನೇ ಕರೆಯಬೇಕು. ಕರೆದೆ. ಮತ್ತೆ ನಲವತ್ತೊಂದು ತಪ್ಪು, ಜೊತೆಗೆ ಇನ್ನೂ ಆರು.

"ಎಷ್ಟಾಯ್ತು?" ಎಂದರು ಚಿಕ್ಕನಂಜಮ್ಮ.

"ನಲವತ್ತೇಳು."

"ಮೊದ್ಲು ನಲವತ್ತೊಂದು ಅಂತಿದ್ದೆ. ರಿಪೇರಿ ಮಾಡ್ತಿದ್ದೀಯೋ, ಸಾಕ್ತಿದ್ದೀಯೋ?"

ಈ ಸಲ ಅಡ್ಡದಾರಿ ಹಿಡಿಯದೆ ಒಂದೊಂದನ್ನೇ ಓದುತ್ತ ಹೋದೆ. ವೀಣ ಪಕ್ಕದಲ್ಲಿ ಕೂತು, "ಗಟ್ಟಿಯಾಗಿ ಓದಿ ಅಣ್ಣ" ಎಂದಳು. ಓದಿದೆ. ಮೂರನೆಯದಕ್ಕೆ ಬಂದಾಗ ಅವಳು, "ಇದು ಮೊದಲನೇದೇ ಅಲ್ವಾ? ಸಾಲಿನ ನಂಬರು ಬೇರೆ ಅಷ್ಟೆ" ಎಂದಳು. ಕಣ್ಣಿನಲ್ಲಿ ನೋಡುವಾಗ ಕೆಂಪು ಅಕ್ಷರಗಳ ರಾಶಿಯಂತಿದ್ದದ್ದು, ಕಿವಿಯಲ್ಲಿ ಕೇಳಿದಾಗ ಪಲ್ಲವಿಯಂತೆ ಮರುಕಳಿಸುತ್ತಿತ್ತು. ನಲವತ್ತೊಂದು ಎಂದು ನಾನು ಹೆದರಿದ್ದು ನಿಜವಾಗಿ ಒಂಬತ್ತೇ ತಪ್ಪು, ಬೇರೆ ಬೇರೆ ಜಾಗದಲ್ಲಿ. ಹೊಸ ಆರರಲ್ಲಿ ಪ್ರೋಗ್ರಾಮು ಮೂರು ಮಾತು ಹೇಳುತ್ತಿದ್ದ ಕಡೆ ಹೊಸ ಲೈಬ್ರರಿ ನಾಲ್ಕನೆಯದೊಂದನ್ನು ಕೇಳುತ್ತಿತ್ತು: ಯಾವ ಭಾಷೆ? ಆರೂ ಕಡೆ 'ಕನ್ನಡ' ಎಂದು ಬರೆದೆ.

ನಡುವೆ ರಮ್ಯಶ್ರೀ ವಡೆ ತಂದಳು. ಚಿಕ್ಕನಂಜಮ್ಮ ಎರಡು ತಿಂದು, ಈರುಳ್ಳಿ ಕಡಿಮೆ ಎಂದು ತೀರ್ಪು ಕೊಟ್ಟು, ಗೋಡೆಗೊರಗಿ ಒಂದು ನಿದ್ದೆ ತೆಗೆದರು. ಮೂರೂವರೆಗೆ ಕಂಪೈಲರು ಒಂದು ಮಾತೂ ಆಡದೆ ಕೆಲಸ ಮುಗಿಸಿತು. ಲಿಂಕಿಂಗೂ ಮುಗಿಯಿತು. ಅಷ್ಟು ಸುಮ್ಮನೆ ಮುಗಿದದ್ದು ನೋಡಿ ನಾನು ಇನ್ನೊಂದು ಸಲ ಮೊದಲಿನಿಂದ ಕಟ್ಟಿಸಿದೆ, ನಂಬಿಕೆ ಬರಲಿಲ್ಲ.

ಪ್ರಿಂಟರು ಕುಟ್ಟಿತು. ಪುಟವನ್ನು ವೀಣಳ ತೊಡೆಯ ಮೇಲಿಟ್ಟೆ. ಅವಳು ಓದಲಿಲ್ಲ, ಹಾಡಿದಳು. "ಕಾವೇರಿ" ಎಂದು ಆರಂಭವಾದ ಸಾಲು ಅಂಗಡಿಯ ಮುಂದೆ ಜೆರಾಕ್ಸಿಗೆ ನಿಂತಿದ್ದವರ ತನಕ ಹೋಯಿತು. ಅವರಲ್ಲೊಬ್ಬರು ಚಪ್ಪಲಿ ಬಿಟ್ಟು ನಿಂತರು.

ಚಿಕ್ಕನಂಜಮ್ಮ ಎಚ್ಚರಗೊಂಡು, "ಈಗ ಯಾವ ದೇವ್ರಂತೆ?" ಎಂದರು.

"ಹನುಮನೇ ಕಣವ್ವ."

"ಸದ್ಯ."

ಆದರೆ ಆ ಪ್ರಿಂಟರು ಒಂದು ಪುಟಕ್ಕೆ ಮೂರು ನಿಮಿಷ ತೆಗೆದುಕೊಳ್ಳುತ್ತಿತ್ತು. ಸಂಜೆ ಕರೆಂಟೂ ಹೋಯಿತು. ಕೊನೆಯ ಪುಟ ಹೊರಬಿದ್ದದ್ದು ಶನಿವಾರ ಬೆಳಿಗ್ಗೆ ಏಳೂವರೆಗೆ. ರಾತ್ರಿ ಊರಿಗೆ ಹೋಗಿ ಬೆಳಗಿನ ರೈಲಿಗೆ ಮರಳಿದ ವೀಣಳಿಗೆ ಪೂರ್ತಿ ಓದಿ ನೋಡಲು ಪುರುಸೊತ್ತೇ ಸಿಗಲಿಲ್ಲ. ಪುಟಗಳನ್ನು ಅನುಕ್ರಮವಾಗಿ ಜೋಡಿಸಿ, ದಾರ ಕಟ್ಟಿ, ಜೀಪಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಳು. ಹಲಗೂರು ದಾಟಿ ಕಾಡಿನ ದಾರಿಯಲ್ಲಿ ಜೀಪು ಕುಣಿದಾಗೆಲ್ಲ ಅದನ್ನು ಅಪ್ಪಿ ಹಿಡಿಯುತ್ತಿದ್ದಳು.

ಮುತ್ತತ್ತಿಯಲ್ಲಿ ಹೊಳೆ ತುಂಬಿತ್ತು. ಗುಡಿಯ ಮುಂದೆ ಹರಕೆಯವರು, ದಡದಲ್ಲಿ ಬುತ್ತಿ ಬಿಚ್ಚಿದವರು, ಬುತ್ತಿಗೆ ಹೊಂಚು ಹಾಕಿದ ಕೋತಿಗಳು. ಮಂಟಪದಲ್ಲಿ ಎರಡು ಪೀಠ ಹಾಕಿ ಜಮಖಾನ ಹಾಸಿದ್ದರು. ವೀಣ ಬಂದು ಕೂತು, ತನ್ನ ಅಗಲವಾದ ಪುಸ್ತಕವನ್ನು ಪೀಠದ ಮೇಲೆ ಬಿಚ್ಚಿದಳು.

ಜವರಯ್ಯನವರು ಬಗ್ಗಿ ನೋಡಿದರು. ಬಿಳಿಯ ಹಾಳೆ. ಶಾಯಿಯ ಒಂದು ಚುಕ್ಕೆಯೂ ಇಲ್ಲ. "ಇದ್ರಲ್ಲಿ ಏನೂ ಇಲ್ವಲ್ಲವ್ವ?"

ವೀಣ ಅವರ ತೋರುಬೆರಳನ್ನು ಹಿಡಿದು ಮೊದಲ ಸಾಲಿನ ಮೇಲೆ ಎಳೆದಳು. "ಇದು ಕಾ. ಇದು ವೇ. ಇದು ರಿ."

"ರಾಗಿ ಚೆಲ್ದಂಗದೆ" ಎಂದರು ಅವರು. ಆಮೇಲೆ ತಮ್ಮ ಪುಸ್ತಕವನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಎದುರಿಗೆ ಕೂತರು. "ಶುರುವಾಗ್ಲಿ."

ವೀಣ ಓದಿದಳು. ಎಡಗೈ ಸಾಲಿನ ತಲೆಯಲ್ಲಿ ಕಾದು ನಿಲ್ಲುವುದು, ಬಲಗೈ ಹರಿಯುವುದು, ದನಿ ಬೆರಳಿನ ಹಿಂದೆಯೇ ನಡೆಯುವುದು. ಬುತ್ತಿಯವರು ಹತ್ತಿರ ಬಂದು ಕೂತರು. ಜವರಯ್ಯನವರು ಕಣ್ಣು ಮುಚ್ಚಿ, ಪ್ರತಿ ಸಾಲಿಗೂ ತುಟಿ ಅಲ್ಲಾಡಿಸುತ್ತಿದ್ದರು. ಮೂವತ್ತು ವರ್ಷ ತಾವೇ ಓದಿದ ಕಾವ್ಯ. ಬಾಲ ಮಡುವಿಗಿಳಿಯಿತು, ನೀರು ತಿರುಗಿತು, ಮುತ್ತು ಸಿಕ್ಕಿತು. ಇನ್ನು ಸೀತಮ್ಮ ಮೂಗುತಿ ಧರಿಸುವ ಪದ್ಯ. ಜವರಯ್ಯನವರ ತುಟಿ ಅದಕ್ಕೆ ಸಿದ್ಧವಾಗಿತ್ತು. ವೀಣಳ ಬೆರಳು ಒಂದು ಗಳಿಗೆ ನಿಂತಿತು. ಅವಳು ಹೊಸದೊಂದನ್ನು ಎತ್ತಿದಳು:

ಕದಡಿ ಹೋಯಿತು ನಮ್ಮ ಮನೆಯಿದು
ನದಿಯ ಮೀನ್ಗಳು ಬಂದು ಕೇಳಲು
ಬದಿಯ ಬಂಡೆಯ ಮೇಲೆ ಕುಳಿತನು ಹನುಮ ಸುಮ್ಮನೆ ತಾ
ಎದುರು ನೋಡುತ ನೀರು ತಿಳಿಯಲು
ಕದಲದಂತೆಯೆ ಕಾಯುತಿದ್ದನು
ಅದಕೆ ಕಾಣಿರೊ ಇಲ್ಲೆ ನೆಲೆಸಿಹನೇಳಲೊಲ್ಲದೆಯೇ

ಈ ಪದ್ಯವನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಯಾವ ಲೈಬ್ರರಿ ಏನು ಸೇರಿಸಿತೋ ಎಂದು ಒಂದು ಕ್ಷಣ ನನಗೆ ಹುಚ್ಚು ಯೋಚನೆ ಬಂತು.

ಜವರಯ್ಯನವರು ಕಣ್ಣು ಬಿಟ್ಟರು. "ಎಲ್ಲಿಂದ ತಂದ್ಯವ್ವ ಇದನ್ನ?"

"ಪುಸ್ತಕದಲ್ಲೇ ಅದೆ ದೊಡ್ಡಪ್ಪ. ಇರೋದ್ನೇ ಓದಿದೆ" ಎಂದಳು ವೀಣ. ಬೆರಳನ್ನು ಆ ಪದ್ಯದ ಮೇಲೆಯೇ ಊರಿದ್ದಳು, ಯಾರಾದರೂ ಕಿತ್ತುಕೊಂಡಾರೆಂಬಂತೆ.

ಜವರಯ್ಯನವರು ಜೇಬಿನಿಂದ ಕನ್ನಡಕ ತೆಗೆದರು. ಒರೆಸಿದರು. ಮಡಿಲಲ್ಲಿದ್ದ ಪುಸ್ತಕದ ಹಾಳೆ ತಿರುವಿದರು. ಒಂದು ಕಡೆ ನಿಂತು, ಬಾಯಲ್ಲೇ ಓದಿಕೊಂಡು, ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಅದೆ ಕಣ್ರಪ್ಪ. ಇಲ್ಲೇ ಅದೆ. ಅಚ್ಚಾಗದೆ." ಅವರ ದನಿ ಸಣ್ಣದಾಯಿತು. "ಮೂವತ್ತು ವರ್ಷ ಪುಸ್ತಕ ಬಿಚ್ಚಿಟ್ಕಂಡು ಕೂತೆ. ಒಂದಿನ ನೋಡ್ಲಿಲ್ಲ. ಅಂಕಯ್ಯನೋರೂ ನೋಡ್ಲಿಲ್ಲ."

ಯಾರೋ ಹಿಂದಿನಿಂದ ಪಕ್ಕನೆ ನಕ್ಕರು. ಮೊದಲು ಹೆದರಿ, ಆಮೇಲೆ ಎಲ್ಲರೂ ನಕ್ಕರು. ಜವರಯ್ಯನವರೇ ಹೆಚ್ಚಾಗಿ ನಕ್ಕರು, ಕನ್ನಡಕ ಮೂಗಿನ ತುದಿಗೆ ಜಾರುವಷ್ಟು.

"ಮೇಷ್ಟ್ರೇ, ಅರ್ಥ ಏಳಿ" ಎಂದರು ಯತೀಶನ ಕಡೆ ತಿರುಗಿ.

ಯತೀಶ್ ಶಲ್ಯ ಸರಿಮಾಡಿಕೊಂಡ. "ನಾನೂ ಇವತ್ತೇ ಕೇಳ್ತಿರೋದು. ತಯಾರಿ ಇಲ್ಲ."

"ಇದಕ್ಕೇನು ತಯಾರಿ ಬೇಕಪ್ಪಾ?" ಎಂದರು ಚಿಕ್ಕನಂಜಮ್ಮ ಕೂತಲ್ಲಿಂದಲೇ. "ಕಂಡೋರ ಮನೆ ನೀರ ಕದಡಿ ತನ್ನ ಕೆಲಸ ಆಯ್ತು ಅಂತ ಎದ್ದೋಗ್ಲಿಲ್ಲ ಅವನು. ತಿಳಿಯಾಗೋಗಂಟ ಕೂತವ್ನೆ. ಹೊಳೆ ಎಲ್ಲಾದ್ರೂ ತಿಳಿಯಾಗ್ತದಾ? ಅದಕ್ಕೇ ಇನ್ನೂ ಇಲ್ಲೇ ಅವ್ನೆ."

ಗುಡಿಯ ಪೂಜಾರಿ ಕರಿಯಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, ಒಳಗೆ ತಿರುಗಿ ಆಂಜನೇಯನನ್ನು ಹೊಸದಾಗಿ ನೋಡಿದಂತೆ ನೋಡಿದರು.

"ಇನ್ನೊಂದ್ಸಲ ಓದವ್ವ ಅದನ್ನ" ಎಂದರು ಜವರಯ್ಯನವರು.

ವೀಣ ಮತ್ತೆ ಓದಿದಳು. ಈ ಸಲ ಅವಳ ಕೊರಳಿಗೆ ಅಳುಕಿರಲಿಲ್ಲ. ಮುಗಿಸಿ, "ಮುಂದಕ್ಕೆ ಓಗ್ಲಾ ದೊಡ್ಡಪ್ಪ?" ಎಂದು ಕೇಳಿದಳು.

"ಓಗು." ಜವರಯ್ಯನವರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಸಾಲಿನ ತಲೆಯಲ್ಲಿ ತಮ್ಮ ತೋರುಬೆರಳನ್ನಿಟ್ಟರು. "ಆದ್ರೆ ವಸಿ ನಿಧಾನ ಕಣವ್ವ. ನಿನ್ನ ಬೆರಳು ಓಡ್ದಂಗೆ ನನ್ನ ಕಣ್ಣು ಓಡಾಕಿಲ್ಲ."